ಡೈರಿ ಐದನೇ ದಿನವೇ ಯಾಕೆ ತಪ್ಪುತ್ತದೆ?

ಪ್ರಶ್ನೆ: ಬೆಳಿಗ್ಗೆ 7ಕ್ಕೆ ಮನೆ ಬಿಟ್ಟರೆ ಸೇರುವುದು ರಾತ್ರಿ 8ಕ್ಕೆ. ಆಮೇಲೆ ಅಡುಗೆ, ಮಗಳ ಹೋಂವರ್ಕ್. ಡೈರಿ ಶುರು ಮಾಡಿದರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ತಪ್ಪುತ್ತದೆ. 21 ದಿನ ಬಿಡದೆ ಬರೆದರೆ ಅಭ್ಯಾಸವಾಗುತ್ತದಂತೆ. ಮೂರು ಸಲ ಮೊದಲಿನಿಂದ ಶುರು ಮಾಡಿದೆ, ಆಗಲಿಲ್ಲ. ನನಗೆ ಶಿಸ್ತೇ ಇಲ್ಲವೇ?

ಉತ್ತರ: ಶಿಸ್ತಿನ ಮಾತು ಬಿಡಿ, ಆ 21ನ್ನೂ ಬಿಡಿ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದರು. 'ಕಡಿಮೆಯೆಂದರೂ' ಎಂಬುದನ್ನು ಕಿತ್ತುಹಾಕಿ, ಕಂಡಕಂಡ ಅಭ್ಯಾಸಕ್ಕೆಲ್ಲ ಅದನ್ನು ಅಂಟಿಸಿ, ಈಗ 'ಚಾಲೆಂಜ್' ಹೆಸರಿನಲ್ಲಿ ದುಡ್ಡು ಕೀಳುತ್ತಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಅವರ ತಂಡ 96 ಜನರನ್ನು 12 ವಾರ ಗಮನಿಸಿತ್ತು. ಅಭ್ಯಾಸ ಕೂರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಬಂತು, ನಡುವಿನ ಲೆಕ್ಕ 66. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಅಂದರೆ ನೀವು ತಪ್ಪಿಸಿದ್ದು ತಪ್ಪಲ್ಲ, ಮತ್ತೆ ಒಂದರಿಂದ ಎಣಿಸಿದ್ದು ತಪ್ಪು.

ಐದನೇ ದಿನವೇ ಯಾಕೆಂದರೆ, ಇಂಥದ್ದನ್ನು ಜನ ಶುರು ಮಾಡುವುದು ಭಾನುವಾರ. ಬಿಡುವಿರುತ್ತದೆ, ಎರಡು ಪುಟ ತುಂಬುತ್ತದೆ. ಅದೇ ಅಳತೆಯಾಗಿ ಕೂರುತ್ತದೆ. ಗುರುವಾರ ರಾತ್ರಿ ಎರಡು ಪುಟ ನೆನೆದರೇ ಸುಸ್ತು. ಅಳತೆಯನ್ನು ವಾರದ ಅತಿ ಕೆಟ್ಟ ದಿನಕ್ಕೆ ಹೊಂದಿಸಿ: ಮೂರು ಸಾಲು, ನಾಲ್ಕು ನಿಮಿಷ. ಉಮೇದು ಬಂದ ದಿನ ಮೂರು ಪುಟ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮರುದಿನದ ಬಾಕಿ ಮತ್ತೆ ಮೂರೇ ಸಾಲು.

ಯಾವ ಮೂರು? ಕಂಡದ್ದೊಂದು, ಮನೆಯವರದೊಂದು, ಬಾಕಿ ಉಳಿದದ್ದೊಂದು. ಹೀಗೆ:

"ಮಂಗಳವಾರ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು 40 ನಿಮಿಷ ನಿಂತಲ್ಲೇ ನಿಂತಿತ್ತು.
ಪುಟ್ಟಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆ, ಹತ್ತು ಸಲ ತೋರಿಸಿದಳು.
ಅಮ್ಮನ ಬಿ.ಪಿ. ಮಾತ್ರೆ ಮುಗಿದಿರಬೇಕು, ಫೋನ್ ಮಾಡಲಿಲ್ಲ."

ಇದರ ಬದಲು "ಇವತ್ತೂ ತುಂಬಾ ಕೆಲಸ, ಸುಸ್ತು" ಎಂದು ಬರೆದರೆ ಹತ್ತು ದಿನವೂ ಅದೇ ಸಾಲು ಬರುತ್ತದೆ. ತಿರುಗಿಸಿ ಓದಲು ಅಲ್ಲಿ ಏನೂ ಇರುವುದಿಲ್ಲ, ಬರೆಯುವ ಆಸೆಯೂ ಹೋಗುತ್ತದೆ. ಡೈರಿ ನಿಲ್ಲುವುದಕ್ಕೆ ಪುರುಸೊತ್ತಿಲ್ಲದಿರುವುದಕ್ಕಿಂತ ಇದು ದೊಡ್ಡ ಕಾರಣ.

'ರಾತ್ರಿ 10 ಗಂಟೆಗೆ' ಎಂದು ಹೊತ್ತು ಗೊತ್ತು ಮಾಡಬೇಡಿ, ನಿಮ್ಮ ಮನೆಯಲ್ಲಿ 10 ಗಂಟೆ ಒಂದೊಂದು ದಿನ ಒಂದೊಂದು ಥರ. ಎಂದೂ ತಪ್ಪದ ಕೆಲಸದ ಬೆನ್ನಿಗೆ ಕಟ್ಟಿ. ಹಾಲಿಗೆ ಹೆಪ್ಪು ಹಾಕುವುದು ನಿಮ್ಮ ಕೆಲಸವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಮರೆತರೆ ಬೆಳಿಗ್ಗೆ ಮೊಸರಿಲ್ಲ, ಹಾಗಾಗಿ ಮರೆಯುವುದಿಲ್ಲ. ಹೆಪ್ಪು ಹಾಕಿದಿರಿ, ಪಾತ್ರೆ ಮುಚ್ಚಿದಿರಿ, ಅಲ್ಲೇ ನಿಂತು ಮೂರು ಸಾಲು. ಪುಸ್ತಕ ಬೀರುವಿನಲ್ಲಿ, ಬ್ಯಾಗಿನಲ್ಲಿ ಇರಬಾರದು, ಅಡುಗೆಮನೆಯ ಶೆಲ್ಫಿನ ಮೇಲೇ ಇರಲಿ. ಬ್ಯಾಂಕಿನಲ್ಲಿ ಕಟ್ಟಿರುತ್ತಾರಲ್ಲ, ಹಾಗೆ ಪೆನ್ನಿಗೆ ದಾರ ಕಟ್ಟಿ ಪುಸ್ತಕಕ್ಕೆ ಸೇರಿಸಿ. ಪೆನ್ನು ಹುಡುಕಲು ಎದ್ದವರು ಫೋನ್ ಹಿಡಿದು ಕೂರುತ್ತಾರೆ.

ತಾರೀಖು ಅಚ್ಚಾದ ಡೈರಿ ಬೇಡ. ಖಾಲಿ ಬಿಟ್ಟ ಪುಟಗಳು ಪ್ರತಿ ಸಲ ತೆರೆದಾಗಲೂ ಚುಚ್ಚುತ್ತವೆ. 200 ಪುಟದ ಸಾದಾ ರೂಲ್ ನೋಟ್‌ಬುಕ್ ತಂದು ತಾರೀಖು ನೀವೇ ಹಾಕಿ. ಪುಟಕ್ಕೆ ಐದಾರು ದಿನ ಹಿಡಿಸುತ್ತದೆ, ವರ್ಷಕ್ಕೆ ಒಂದೇ ಪುಸ್ತಕ ಧಾರಾಳ. ತಪ್ಪಿದ ದಿನಗಳನ್ನು ಆಮೇಲೆ ನೆನಪಿಸಿಕೊಂಡು ತುಂಬಬೇಡಿ. ಆ ಬಾಕಿಯ ಭಾರಕ್ಕೇ ಡೈರಿ ನಿಂತುಹೋಗುತ್ತದೆ. "12ರಿಂದ 16: ಬರೆದಿಲ್ಲ" ಎಂದು ಒಂದು ಗೆರೆ ಎಳೆದು ಇವತ್ತಿನದನ್ನು ಬರೆಯಿರಿ.

ಪ್ರಶ್ನೆ: ಫೋನ್ ಆ್ಯಪ್ ಒಳ್ಳೆಯದೋ, ಪುಸ್ತಕವೋ?

ಉತ್ತರ: ಬರೆಯುವಾಗ ವಾಟ್ಸ್ಆ್ಯಪ್ ನೋಡದೆ ಇರಬಲ್ಲಿರಾದರೆ ಆ್ಯಪ್, ಇಲ್ಲವಾದರೆ ಪುಸ್ತಕ.

ಪ್ರಶ್ನೆ: ಮಲಗುವ ಮುಂಚೆ ಬರೆದರೆ ಯೋಚನೆ ಇನ್ನೂ ಹೆಚ್ಚಾಗುತ್ತದೆ.

ಉತ್ತರ: ಆ ಹೊತ್ತಿನಲ್ಲಿ ಜಗಳ, ಬೇಸರ ಬರೆಯಬೇಡಿ. ನಾಳೆ ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಬಿಡಿಬಿಡಿಯಾಗಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆಸಿದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೀಗೆ ಬರೆದವರು ಮುಗಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು.

ಪ್ರಶ್ನೆ: ಆಸೆಯನ್ನು ಬೆಳಿಗ್ಗೆ 3, ಮಧ್ಯಾಹ್ನ 6, ರಾತ್ರಿ 9 ಸಲ ಬರೆದರೆ ಕೈಗೂಡುತ್ತದೆಯೇ? ಅದನ್ನು ಕಲಿಸುವ ಕೋರ್ಸಿಗೆ ಸೇರಲೇ?

ಉತ್ತರ: ಇಲ್ಲ. ಸೇರಬೇಡಿ. ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಪ್ರಶ್ನೆ: ಅಪ್ಪ ತೀರಿಕೊಂಡು ಮೂರು ವಾರ. ನೋವನ್ನೆಲ್ಲ ದಿನಾ ಬರೆದರೆ ಹಗುರವಾಗುತ್ತದೆ ಅಂದರು. ಬರೆದಷ್ಟೂ ಅಳು.

ಉತ್ತರ: ಸದ್ಯಕ್ಕೆ ನಿಲ್ಲಿಸಿ. ನಿಮಗೆ ಹಾಗೆ ಹೇಳಿದವರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನೋವಿನ ಬಗ್ಗೆ ಬರೆದದ್ದು ದಿನಕ್ಕೆ 15 ನಿಮಿಷ, ಅದೂ ನಾಲ್ಕೇ ದಿನ. ಬರೆದ ಕೂಡಲೇ ಅವರ ಮನಸ್ಸೂ ಭಾರವೇ ಆಗಿತ್ತು. ಮೂರು ವಾರ ಬಹಳ ಬೇಗ. ಯಾರಾದರೂ ಜೊತೆಗಿರಲಿ, ಅಪ್ಪನ ಮಾತು ಬಾಯಲ್ಲೇ ಬರಲಿ. ಕೆಲವು ತಿಂಗಳಾದ ಮೇಲೆ ಬರೆಯಬೇಕೆನಿಸಿದರೆ ಹಗಲು ಹೊತ್ತಿನಲ್ಲಿ, ಗಡಿಯಾರ ಇಟ್ಟುಕೊಂಡು 15 ನಿಮಿಷ ಬರೆಯಿರಿ. ಊಟ, ನಿದ್ದೆ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನಿಸಿದರೆ, ಪುಸ್ತಕ ಮುಚ್ಚಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.