ಕೆಲಸದಲ್ಲಿದ್ದುಕೊಂಡು ಸ್ವಂತ ಹೆಸರಲ್ಲಿ ಆನ್‌ಲೈನ್‌ನಲ್ಲಿ ಬರೆಯಬಹುದಾ? ಕಂಪನಿ ತಡೆಯಬಹುದಾ?

ಖಂಡಿತ ಬರೆಯಬಹುದು. ಆದರೆ ಖಾಸಗಿ ಕಂಪನಿಯಲ್ಲಿದ್ದರೆ ಮೊದಲು ನೋಡಬೇಕಾದ್ದು ಕೆಲಸಕ್ಕೆ ಸೇರುವಾಗ ಓದದೇ ಸಹಿ ಹಾಕಿದ ಆ ಒಪ್ಪಂದವನ್ನು. ಅದರಲ್ಲಿ ಸಾಮಾನ್ಯವಾಗಿ ಗೌಪ್ಯತೆಯ ಷರತ್ತು ಇರುತ್ತದೆ. ಕ್ಲೈಂಟ್ ಹೆಸರು, ಕೋಡ್, ಇನ್ನೂ ಬಿಡುಗಡೆಯಾಗದ ಪ್ರಾಡಕ್ಟ್, ಆಫೀಸ್ ಮೀಟಿಂಗಿನ ಸ್ಕ್ರೀನ್‌ಶಾಟ್, ಇವನ್ನು ಹಾಕಲೇಬೇಡಿ. ಜನ ಜಾಸ್ತಿ ಸಿಕ್ಕಿಬೀಳುವುದು ಬೈದು ಬರೆದು ಅಲ್ಲ, ಲಿಂಕ್ಡ್‌ಇನ್‌ನಲ್ಲಿ ಖುಷಿಯಿಂದ "ಈ ಪ್ರಾಜೆಕ್ಟ್ ಮುಗಿಸಿದೆವು" ಅಂತ ಫೋಟೋ ಹಾಕಿದಾಗ, ಹಿಂದಿನ ಬೋರ್ಡಿನ ಮೇಲೆ ಎಲ್ಲವೂ ಕಾಣುತ್ತಿರುತ್ತದೆ.

"ಕಂಪನಿಯ ಹೆಸರಿಗೆ ಧಕ್ಕೆ ತರಬಾರದು" ಅನ್ನೋ ಸಾಲು ಮಾತ್ರ ನನಗೆ ಇಷ್ಟವಿಲ್ಲ. ಧಕ್ಕೆ ಅಂದರೆ ಏನು ಅಂತ ಬರೆದಿರುವುದಿಲ್ಲ, ಹಾಗಾಗಿ ನೌಕರ ಸುಮ್ನೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾನೆ. 2005ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂ ಮಾಡಿದ ರೀತಿ ಚೆನ್ನಾಗಿತ್ತು: ನೌಕರರೇ ಕೂತು ಬ್ಲಾಗ್ ಬರೆಯುವ ನಿಯಮ ಮಾಡಿದರು. ಸ್ವಂತ ಹೆಸರಲ್ಲಿ ಬರೆಯಿರಿ, ಇದು ನನ್ನ ಅಭಿಪ್ರಾಯ, ಕಂಪನಿಯದ್ದಲ್ಲ ಅಂತ ಹೇಳಿ, ಬರೆದಿದ್ದಕ್ಕೆ ನೀವೇ ಜವಾಬ್ದಾರರು. ಎಲ್ಲ ಕಂಪನಿಯೂ ಹೀಗೆ ಮಾಡಬಹುದಲ್ವಾ?

ಸರ್ಕಾರಿ ನೌಕರರಿಗೆ ಲೆಕ್ಕ ಬೇರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 9ನೇ ನಿಯಮ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ತಡೆಯುತ್ತದೆ. ಹಾಗಂತ ಬಾಯಿಗೆ ಪೂರ್ತಿ ಬೀಗವಿಲ್ಲ: ಫೇಸ್‌ಬುಕ್ ಪೋಸ್ಟ್ ಒಂದರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರಲ್ಲಿ, ಸರ್ಕಾರಿ ನೌಕರರಿಗೂ ವಾಕ್ ಸ್ವಾತಂತ್ರ್ಯ ಇದೆ, ನಡತೆ ನಿಯಮದ ಮಿತಿಯೊಳಗೆ ಅವರು ತಮ್ಮ ನಂಬಿಕೆಯನ್ನು ಹೇಳಿಕೊಳ್ಳಬಹುದು ಎಂದಿತು.

ಆಫೀಸ್ ಲ್ಯಾಪ್‌ಟಾಪ್‌ನಲ್ಲಿ, ಆಫೀಸ್ ಮೇಲ್ ಐಡಿಯಿಂದ ಮಾತ್ರ ಏನನ್ನೂ ಬರೆಯಬೇಡಿ.