ಗುಂಪಿನಲ್ಲಿ ಯಾವ ಕೋಳಿ ಮಂಕಾಗಿದೆ, ತಿಳಿಯೋದು ಹೇಗೆ?

ಪ್ರಶ್ನೆ: ಮೊಟ್ಟೆ ಕೋಳಿಗಳನ್ನು ಗೂಡಿಗೆ ಹಾಕದೆ ಒಟ್ಟಿಗೆ ಬಿಟ್ಟು ಸಾಕುತ್ತಿದ್ದೇವೆ. ಯಾವುದು ಚೆನ್ನಾಗಿ ಓಡಾಡುತ್ತಿದೆ, ಯಾವುದು ಮಂಕಾಗಿದೆ ಅಂತ ಗೊತ್ತಾಗಬೇಕು. ಮೇಲೊಂದು ಕ್ಯಾಮೆರಾ ಇಟ್ಟರೆ ಸಾಕಲ್ವಾ? ಸೆನ್ಸರ್ ಕಟ್ಟಲೇಬೇಕಾ?

ಉತ್ತರ: ಇಡೀ ಗುಂಪು ಹೇಗಿದೆ ಅಂತ ನೋಡಲು ಕ್ಯಾಮೆರಾ ಸಾಕು. ಆದರೆ ನೀವು ಕೇಳುತ್ತಿರುವುದು ಒಂದೊಂದು ಕೋಳಿಯ ಬಗ್ಗೆ. ಒಂದೇ ಬಣ್ಣದ ಹೇಂಟೆಗಳು ಮೇವಿನ ಮುಂದೆ ಮೈಗೆ ಮೈ ತಾಗಿಸಿ ನಿಂತು ಮತ್ತೆ ಚದುರಿದರೆ, ಯಾವುದು ಯಾವುದು ಅನ್ನುವ ಲೆಕ್ಕ ಕ್ಯಾಮೆರಾಗೆ ಸುಲಭವಾಗಿ ತಪ್ಪಿಹೋಗುತ್ತದೆ.

ಹಾಗಾಗಿ ಗುರುತು ಬೇಕೇ ಬೇಕು. ಕಾಲಿಗೆ ಹಾಕುವ, ರೇಡಿಯೊ ಅಲೆಯಿಂದ ಗುರುತು ತಿಳಿಸುವ ಸಾಮಾನ್ಯ ಆರ್‌ಎಫ್‌ಐಡಿ ರಿಂಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಆಂಟೆನಾ ಹತ್ತಿರ ಬಂದಾಗ ಅದರಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ, ಅಷ್ಟೇ. ಮೊಟ್ಟೆ ಇಡುವ ಜಾಗ, ಮೇವು, ಹೊರಗೆ ಹೋಗುವ ಕಿಂಡಿ ಇಲ್ಲೆಲ್ಲ ಆಂಟೆನಾ ಇಟ್ಟರೆ ಯಾವ ಕೋಳಿ ಎಷ್ಟು ಸಲ ಬಂತು ಅಂತ ಸಿಗುತ್ತದೆ. ನಡುವೆ ಏನು ಮಾಡಿತು ಅಂತ ಸಿಗುವುದಿಲ್ಲ. ಎರಡು ಕೋಳಿ ಒಟ್ಟಿಗೆ ನುಗ್ಗಿದರೆ ಒಂದರ ನಂಬರ್ ಬಿಟ್ಟುಹೋಗುವುದೂ ಉಂಟು.

ಓಡಾಟವೇ ಬೇಕು ಅಂದರೆ ಆಕ್ಸಿಲರೋಮೀಟರ್ ಕಟ್ಟಬೇಕು. ಅದು ಮೂರು ದಿಕ್ಕಿನ ಅಲುಗಾಟವನ್ನು ಸೆಕೆಂಡಿಗೆ ಹಲವು ಸಲ ಬರೆದುಕೊಳ್ಳುತ್ತದೆ. ನಡೆಯುವಾಗ, ಮೇವು ಕುಕ್ಕುವಾಗ, ಮಣ್ಣಿನಲ್ಲಿ ಹೊರಳಾಡುವಾಗ ಗ್ರಾಫ್‌ನಲ್ಲಿ ಬೇರೆ ಬೇರೆ ಗೆರೆ ಬರುತ್ತದೆ. ಯಾವ ಗೆರೆ ಯಾವ ಕೆಲಸದ್ದು ಅಂತ ತಿಳಿಯಲು ಮೊದಲು ವಿಡಿಯೊ ಪಕ್ಕದಲ್ಲಿಟ್ಟು ತಾಳೆ ನೋಡಬೇಕು, ಕ್ಯಾಮೆರಾ ಕೆಲಸಕ್ಕೆ ಬರುವುದು ಇಲ್ಲೇ.

ಇದಕ್ಕೆ ಬ್ಯಾಟರಿ ಬೇಕು, ಬ್ಯಾಟರಿ ಅಂದರೆ ತೂಕ. ಮೈತೂಕದ 5% ದಾಟಬಾರದು ಅನ್ನುತ್ತಾರೆ, ಅಂದರೆ 1.8 ಕೆಜಿ ಹೇಂಟೆಗೆ 90 ಗ್ರಾಂ. ನನಗೆ ಅದೂ ಜಾಸ್ತಿಯೇ ಅನಿಸುತ್ತದೆ, ಆದಷ್ಟು ಹಗುರದ್ದನ್ನೇ ಆರಿಸಿ. ಬೆನ್ನಿಗೆ ಕಟ್ಟಿದ ಮೊದಲ ದಿನಗಳಲ್ಲಿ ಕೋಳಿ ಅದನ್ನೇ ಕೊಕ್ಕಿನಿಂದ ಎಳೆಯುತ್ತದೆ, ಹಿಂದಕ್ಕೆ ಹೆಜ್ಜೆ ಹಾಕುತ್ತದೆ, ಪಕ್ಕದವೂ ಬಂದು ಕುಕ್ಕುತ್ತವೆ. ಆ ದಿನಗಳ ಲೆಕ್ಕವನ್ನು ಬಿಟ್ಟುಬಿಡಿ.

ಆಮೇಲೂ ಒಂದು ಕೋಳಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಕೆಲವು ಹುಟ್ಟಾ ನಿಧಾನ, ಅವಕ್ಕೆ ಕಾಯಿಲೆಯೇನೂ ಇರುವುದಿಲ್ಲ. ಅದರ ಇವತ್ತಿನ ಓಡಾಟವನ್ನು ಅದರದ್ದೇ ಹಿಂದಿನ ದಿನಗಳ ಜೊತೆ ನೋಡಿ. ದಿನಾ ಮೇಲಿನ ಕಡ್ಡಿಗೆ ಹಾರುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಳಗೇ ಉಳಿದರೆ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂರಬೇಡಿ. ಹಿಡಿದು, ಎದೆಮೂಳೆ ಸವರಿ ನೋಡಿ. ಮೊಟ್ಟೆ ಕೋಳಿಗಳಲ್ಲಿ ಆ ಮೂಳೆ ಮುರಿಯುವುದು ತುಂಬಾ ಸಾಮಾನ್ಯ, ಹೊರಗಿನಿಂದ ಕಾಣುವುದಿಲ್ಲ. ಹಿಡಿದಾಗಲೇ ಕಾಲಿನ ರಿಂಗ್ ಬಿಗಿಯಾಗಿದೆಯಾ ಅಂತಲೂ ನೋಡಿಬಿಡಿ.