ಪಕ್ಕೆಲುಬು ಬಿರಿದರೆ ಪಟ್ಟಿ ಕಟ್ಟಬೇಕೇ?

ಪ್ರಶ್ನೆ: ನಮ್ಮ ಅಪ್ಪನಿಗೆ 66 ವರ್ಷ. ಹೋದ ವಾರ ತೋಟಕ್ಕೆ ಹೋಗುವಾಗ ಪಾಚಿಗಟ್ಟಿದ ಸಂಕದ (ಕಾಲುಸೇತುವೆಯ) ಮೇಲೆ ಜಾರಿ ಬಿದ್ದರು. ಬಲಮಗ್ಗುಲು ಅದರ ಅಂಚಿಗೆ ಬಡಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಏಳನೆಯ ಪಕ್ಕೆಲುಬು ಬಿರಿದಿದೆ ಎಂದರು. ಆದರೆ ಪ್ಲಾಸ್ಟರೂ ಇಲ್ಲ, ಬೆಲ್ಟೂ ಇಲ್ಲ. ನೋವಿನ ಮಾತ್ರೆ ಬರೆದು ಕಳಿಸಿದರು. ಪಂಚೆಯಿಂದ ಎದೆ ಬಿಗಿದು, ಘಟ್ಟದ ಕೆಳಗಿನ ನಾಟಿ ವೈದ್ಯರ ಬಳಿ ಕರೆದೊಯ್ಯೋಣ ಎಂದು ಮನೆಯ ಹಿರಿಯರ ಒತ್ತಾಯ. ಕೈ ಮುರಿದರೆ ಕಟ್ಟುತ್ತಾರೆ, ಪಕ್ಕೆಲುಬಿಗೆ ಏಕಿಲ್ಲ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಡಾಕ್ಟರು ಮರೆತದ್ದಲ್ಲ, ಬೇಕೆಂದೇ ಕಟ್ಟಿಲ್ಲ. ಪಂಚೆಯನ್ನು ದಯವಿಟ್ಟು ಮಡಚಿ ಒಳಗಿಡಿ.

ಎದೆಗೂಡು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗೂಡು ಎಂದರೆ ಅಲುಗದೆ ನಿಂತು ಒಳಗಿರುವುದನ್ನು ಕಾಯುವ ವಸ್ತು ಎಂದುಕೊಳ್ಳುತ್ತೇವೆ. ಹೃದಯ, ಶ್ವಾಸಕೋಶಗಳನ್ನು ಅದು ಕಾಯುವುದು ನಿಜವೇ. ಆದರೆ ಕೆಲಸದಲ್ಲಿ ಅದು ಕಮ್ಮಾರನ ತಿದಿಗೆ ಹತ್ತಿರ. ನಿಮಿಷಕ್ಕೆ 15 ಉಸಿರು ಎಂದು ಹಿಡಿದರೂ ದಿನಕ್ಕೆ 21,600 ಸಲ ಅದು ಹಿಗ್ಗಿ ಕುಗ್ಗಬೇಕು. (ಉಸಿರಾಟವನ್ನೇ ಜಪವೆಂದು ಎಣಿಸುವ ಅಜಪಾ ಜಪದ ಲೆಕ್ಕವೂ ಇದೇ, ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ.) ಮುರಿದ ಕೈಯನ್ನು ಆರು ವಾರ ಸುಮ್ಮನಿರಿಸಬಹುದು, ಎದೆಯನ್ನು ಆರು ನಿಮಿಷವೂ ಆಗದು.

ಬೆನ್ನಿನ 12 ಕಶೇರುಗಳಿಂದ (ಬೆನ್ನುಮೂಳೆಯ ಮಣಿಗಳಿಂದ) 12 ಜೊತೆ ಪಕ್ಕೆಲುಬುಗಳು ಹೊರಟು, ಮುಂದಕ್ಕೆ ಇಳಿಜಾರಾಗಿ ಬಾಗುತ್ತವೆ. ಮೇಲಿನ ಏಳು ಜೊತೆ ತಮ್ಮದೇ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಯನ್ನು ಸೇರುತ್ತವೆ. ಎಂಟರಿಂದ ಹತ್ತರವರೆಗಿನವು ಒಂದರ ಮೇಲೊಂದು ಆತುಕೊಂಡು ಏಳನೆಯದರ ಆಸರೆ ಹಿಡಿಯುತ್ತವೆ. ಕೊನೆಯ ಎರಡು ಜೊತೆಗೆ ಮುಂದೆ ಯಾವ ನಂಟೂ ಇಲ್ಲ. ಹೆಂಗಸರಿಗೂ ಗಂಡಸರಿಗೂ ಲೆಕ್ಕ ಒಂದೇ.

ಉಸಿರು ಎಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿಯುತ್ತದೆ. ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯಂತೆ ಎದೆಮೂಳೆಯನ್ನು ಮೇಲಕ್ಕೂ ಮುಂದಕ್ಕೂ ಎತ್ತುತ್ತವೆ. ಕೆಳಗಿನವು ಬಾಲ್ದಿಯ ಹಿಡಿಕೆ ಎತ್ತಿದಂತೆ ಪಕ್ಕಕ್ಕೆ ಅರಳುತ್ತವೆ. ಎರಡೂ ಅಂಗೈಗಳನ್ನು ಪಕ್ಕೆಗಳ ಕೆಳಭಾಗದ ಮೇಲಿಟ್ಟು ಆಳವಾಗಿ ಉಸಿರೆಳೆದು ನೋಡಿ, ಕೈಗಳು ದೂರ ಸರಿಯುತ್ತವೆ. ಪಂಚೆ ಬಿಗಿದರೆ ನಿಲ್ಲುವುದು ಇದೇ ಚಲನೆ. ಉಸಿರು ಮೇಲ್ಮೇಲೆ ಆಡುತ್ತದೆ, ಶ್ವಾಸಕೋಶದ ಬುಡಕ್ಕೆ ಗಾಳಿ ತಲುಪುವುದಿಲ್ಲ, ಕಫ ಅಲ್ಲೇ ನಿಂತು ನ್ಯುಮೋನಿಯಾ ಆಗಬಹುದು. ಅಪ್ಪನ ವಯಸ್ಸಿನಲ್ಲಿ ಬಿರುಕಿಗಿಂತ ಅದರ ಭಯವೇ ಹೆಚ್ಚು. ಹಿಂದೆ ವೈದ್ಯರೂ ಎದೆಗೆ ಪಟ್ಟಿ ಸುತ್ತುತ್ತಿದ್ದರು. ಈ ಕಾರಣಕ್ಕೇ ಬಿಟ್ಟರು. ಬಿರಿದದ್ದು ಒಂದೇ ಆದರೆ ಮೇಲಿನ, ಕೆಳಗಿನ ಪಕ್ಕೆಲುಬುಗಳೂ ನಡುವಿನ ಸ್ನಾಯುಗಳೂ ಅದನ್ನು ಜಾಗದಲ್ಲೇ ಹಿಡಿದಿರುತ್ತವೆ.

ಹಾಗಾಗಿ ಮಾತ್ರೆಯನ್ನು ನೋವು ತಡೆಯದಾದಾಗ ಕೊಡುವುದಲ್ಲ, ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ನೋವು ತಗ್ಗಿದರೆ ಮಾತ್ರ ಅವರು ಆಳವಾಗಿ ಉಸಿರಾಡುತ್ತಾರೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಆಳವಾದ ಉಸಿರು ಎಳೆಸಿ. ಕೆಮ್ಮು ಬಂದರೆ ತಡೆಯದೆ, ದಿಂಬನ್ನು ನೋವಿನ ಜಾಗಕ್ಕೆ ಒತ್ತಿ ಹಿಡಿದು ಕೆಮ್ಮಲಿ. ದಿನವಿಡೀ ಮಲಗಿಸಬೇಡಿ, ಅಂಗಳದಲ್ಲಿ ನಡೆಯಲಿ. ಕವಳದ (ಎಲೆಅಡಿಕೆಯ) ತಕರಾರನ್ನು ಇನ್ನೊಂದು ದಿನ ಮಾಡೋಣ. ಬೀಡಿಯಿದ್ದರೆ ಇಂದೇ ಬಿಡಿಸಿ.

ನಾಟಿ ವೈದ್ಯರ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಬಿರಿದ ಪಕ್ಕೆಲುಬನ್ನು ಯಾರೂ ಒತ್ತಿ ತಿಕ್ಕಬಾರದು, ತುದಿ ಒಳಕ್ಕೆ ಸರಿದರೆ ಶ್ವಾಸಕೋಶಕ್ಕೇ ಚುಚ್ಚೀತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಕುಲುಕಿಸಿಕೊಂಡು ಹೋಗುವ ಪ್ರಯಾಣವೂ ಈಗ ಬೇಡ.

ಉಬ್ಬಸ ಹೆಚ್ಚಿದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಲಗಡೆಯ ಕೆಳ ಪಕ್ಕೆಲುಬುಗಳ ಹಿಂದೆ ಲಿವರ್ ಇದೆ. ಹೊಟ್ಟೆನೋವು, ತಲೆಸುತ್ತು, ಮೈ ಬಿಳಿಚಿಕೊಳ್ಳುವುದು ಕಂಡರೂ ಅಷ್ಟೇ ತುರ್ತು.

ಸಾಮಾನ್ಯವಾಗಿ ಆರು ವಾರಗಳ ಹೊತ್ತಿಗೆ ಮೂಳೆ ಕೂಡಿಕೊಳ್ಳುತ್ತದೆ. ನಡುವೆ ಆ ಜಾಗದಲ್ಲಿ ಗಂಟೊಂದು ಕೈಗೆ ಸಿಕ್ಕರೆ ಗಾಬರಿ ಬೇಡ, ಅದು ಹೊಸದಾಗಿ ಬೆಳೆಯುತ್ತಿರುವ ಮೂಳೆಯೇ ಇರಬಹುದು; ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿ. ಅಪ್ಪ ಮತ್ತೆ ತೋಟಕ್ಕೆ ಇಳಿಯುವುದರೊಳಗೆ ಸಂಕದ ಪಾಚಿ ಕೆರೆಸಿ, ಹಿಡಿದುಕೊಳ್ಳಲು ಪಕ್ಕದಲ್ಲೊಂದು ಬಿದಿರಿನ ಗಳ ಕಟ್ಟಿಸಿ.